ಸೂರತ್ ದಾರಿಯಲ್ಲಿ ಕೆಮ್ಮಿದ ಕಾರು

ನಮ್ಮ ಕಾರು ಕಪ್ಪು ಹೊಗೆ ಉಗುಳುತ್ತಿದೆ ಎಂದು ಮೊದಲು ಹೇಳಿದವನು ಪಕ್ಕದ ಲಾರಿಯ ಕ್ಲೀನರ್. ಕಿಟಕಿಯಿಂದ ಅರ್ಧ ಮೈ ಹೊರಹಾಕಿ, "ಕಾಕಾ, ಪೀಛೆ ದೇಖೋ!" ಎಂದು ಕೂಗಿ ಹಿಂದಕ್ಕೆ ಕೈ ತೋರಿಸಿದ. (ಲಾರಿಯವರೇ ಹೊಗೆಯ ಬಗ್ಗೆ ದೂರುತ್ತಾರೆಂದರೆ ನಮ್ಮ ಸ್ಥಿತಿ ನೀವೇ ಊಹಿಸಿಕೊಳ್ಳಿ.)

ಕಳೆದ ತಿಂಗಳ ಮಾತಿದು. ಅಹಮದಾಬಾದಿನಿಂದ ಬೆಳಿಗ್ಗೆಯೇ ಸೂರತ್‌ಗೆ ಹೊರಟಿದ್ದೆವು. ರೈಲಿನ ಟಿಕೆಟ್ ವೇಟಿಂಗ್ ಲಿಸ್ಟ್‌ನಿಂದ ಮೇಲೇಳಲೇ ಇಲ್ಲ. ಹೋಗಲೇಬೇಕಿತ್ತು. ಸೂರತ್‌ನ ಕತಾರ್‌ಗಾಮ್‌ನಲ್ಲಿರುವ ನನ್ನ ತಂಗಿ ಸುಮಾಗೆ ಅಂದು ಮಧ್ಯಾಹ್ನ ಆಪರೇಷನ್. ಎದೆಯಲ್ಲಿ ಗಂಟು.

"ಏನೂ ಇಲ್ಲ, ಕೊಬ್ಬಿನ ಗಂಟು" ಎಂದು ಎಲ್ಲರೂ ಅವಳಿಗೆ ಹೇಳಿದ್ದರು. ಅದು ಕ್ಯಾನ್ಸರ್ ಎಂದು ಅವಳ ಗಂಡ ಪ್ರಕಾಶನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. "ಈಗ ಹೇಳಬ್ಯಾಡ್ರಿ ಅಕ್ಕಾ, ಹೆದರ್ತಾಳ. ಎಲ್ಲಾ ಮುಗದಮ್ಯಾಲೆ ಹೇಳೋಣು" ಎಂದು ಅವನು ನನ್ನಿಂದ ಮಾತು ತೆಗೆದುಕೊಂಡಿದ್ದ.

ಹಿಂದಿನ ದಿನವೇ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿತ್ತು. ನಮ್ಮ ಮನೆಯವರು ಶ್ರೀಧರ ನಕ್ಕುಬಿಟ್ಟಿದ್ದರು. "ಬರೇ ಲೈಟದು. ಗಾಡಿ ಓಡ್ಲಿಕ್ಕತ್ತದ ಇಲ್ಲೋ?"

ಓಡುತ್ತಿತ್ತು, ನಿಜ. ಎಕ್ಸ್‌ಪ್ರೆಸ್‌ವೇಗೆ ಬಂದ ಮೇಲೆ ನಿಧಾನವಾಗತೊಡಗಿತು. ಆಮೇಲೆ ಜಗ್ಗಿತು. ಆಮೇಲೆ ಕೆಮ್ಮಿತು. ಒಳಗೆಲ್ಲ ಹಸಿ ಪೆಟ್ರೋಲಿನ ವಾಸನೆ. ನನ್ನ ಫೋನ್ ಬೇರೆ ಬಡಿದುಕೊಳ್ಳುತ್ತಿತ್ತು. ಸುಮಾ.

"ಎಲ್ಲಿದ್ದೀ ಅಕ್ಕಾ? ನೀ ಬರೂತನಕಾ ನಾ ಒಳಗ ಹೋಗಂಗಿಲ್ಲ, ಹೇಳಿರ್ತೀನಿ."

"ಬಂದೇಬಿಟ್ಟೆ" ಎಂದೆ. ಎಲ್ಲಿಗೆ ಬಂದೆ? ಇನ್ನೂ ವಡೋದರಾ ಕೂಡ ಬಂದಿರಲಿಲ್ಲ!

ವಡೋದರಾದಲ್ಲಿ ಮಗಳು ಮೇಘಾ ಹತ್ತುವವಳಿದ್ದಳು. ಅಲ್ಲಿನ ಕಂಪನಿಯೊಂದರಲ್ಲಿ ಎಂಜಿನ್‌ಗಳ ಪರೀಕ್ಷೆ ಮಾಡುವುದೇ ಅವಳ ಕೆಲಸ. (ಅವಳ ಕನ್ನಡಕ್ಕೂ ಪರೀಕ್ಷೆ ಬೇಕು, ಅದು ಬೇರೆ ವಿಷಯ.) ಹೇಗೋ ಕುಂಟುತ್ತ ಅವಳು ನಿಂತಿದ್ದ ಫ್ಲೈಓವರ್ ಕೆಳಗೆ ತಲುಪಿದೆವು. ಹೊಗೆ ನೋಡಿದವಳೇ ಬ್ಯಾಗಿನಿಂದ ಸಣ್ಣ ಸಾಧನವೊಂದನ್ನು ತೆಗೆದು ಸ್ಟೀರಿಂಗ್ ಕೆಳಗೆ ಸಿಕ್ಕಿಸಿ, ಮೊಬೈಲಿನಲ್ಲಿ ಅಂಕಿಗಳನ್ನು ನೋಡತೊಡಗಿದಳು.

"ಅಮ್ಮಾ, ಸೆನ್ಸರ್ ರಾಂಗ್ ಹೇಳ್ತದ."

"ಏನ್ ಸೆನ್ಸರ್?"

ಅವಳು ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ಒಂದು ತೂಕ ಪೆಟ್ರೋಲಿಗೆ ಹೆಚ್ಚುಕಡಿಮೆ ಹದಿನೈದು ತೂಕ ಗಾಳಿ ಬೇಕು. ಆ ಹದ ಸರಿಯಿದೆಯೋ ಇಲ್ಲವೋ ಎಂದು ನೋಡಲು ಹೊಗೆಕೊಳವೆಯಲ್ಲಿ ಒಂದು ಸೆನ್ಸರ್ ಕೂತಿರುತ್ತದೆ. ಸುಟ್ಟ ಮೇಲೆ ಆಮ್ಲಜನಕ ಎಷ್ಟು ಉಳಿಯಿತು ಎಂದು ಅದು ಮೂಸಿ ಹೇಳುತ್ತದೆ. ಕಾರಿನ ಕಂಪ್ಯೂಟರ್ ಅದನ್ನು ಕೇಳಿಕೊಂಡು ಪೆಟ್ರೋಲನ್ನು ಕ್ಷಣಕ್ಷಣಕ್ಕೂ ಹೆಚ್ಚುಕಮ್ಮಿ ಮಾಡುತ್ತದೆ.

ಬಾನೆಟ್ ಎತ್ತಿ ನೋಡಿದರೆ, ನಮ್ಮ ಕಾರಿನಲ್ಲಿ ಆ ಸೆನ್ಸರಿನ ವೈರನ್ನು ಇಲಿ ಕಡಿದಿತ್ತು. (ನವರಂಗಪುರದ ನಮ್ಮ ಮನೆಯ ಪಾರ್ಕಿಂಗಿನ ಇಲಿಗಳು ದಿನಾ ಕಡಲೆಹಿಟ್ಟಿನ ಫಾಫಡಾ ತಿಂದು ಬೇಸತ್ತಿರಬೇಕು.) ಬೆತ್ತಲೆ ತಂತಿ ಕಬ್ಬಿಣಕ್ಕೆ ತಾಗಿ, 'ಪೆಟ್ರೋಲ್ ಸಾಲದು, ಪೆಟ್ರೋಲ್ ಸಾಲದು' ಎಂಬ ಒಂದೇ ಸುದ್ದಿ ಹೋಗುತ್ತಿತ್ತು. ಕಂಪ್ಯೂಟರ್ ನಂಬಿ ಸುರಿಯುತ್ತಲೇ ಇತ್ತು.

"ಟೇಪ್ ಸುತ್ತಿಬಿಡು" ಎಂದರು ಶ್ರೀಧರ.

"ಹೀಟ್‌ಗೆ ಮೆಲ್ಟ್ ಆಗ್ತದ ಪಪ್ಪಾ. ಕನೆಕ್ಷನ್ನೇ ತೆಗೀತೀನಿ."

"ತೆಗದ್ರ ಎಷ್ಟು ಪೆಟ್ರೋಲ್ ಬೇಕಂತ ಕಂಪ್ಯೂಟರಿಗೆ ಹೆಂಗ ಗೊತ್ತಾಗ್ತದ?"

"ಗೊತ್ತಾಗಂಗಿಲ್ಲ. ಆವಾಗ ಫ್ಯಾಕ್ಟರಿಯವರು ಫೀಡ್ ಮಾಡಿದ ಅಂದಾಜಿನ ಮ್ಯಾಲೆ ಓಡಸ್ತದ. ಲೈಯರ್ ಸೆನ್ಸರಿನ ಮಾತು ಕೇಳೂಕಿಂತಾ ಅದು ಬೆಟರ್."

ಎಂಜಿನ್ ಆರುವವರೆಗೆ ಕಾದೆವು. ನಾನು ನಿಲ್ಲಲಾರೆ, ಕೂರಲಾರೆ. ಫ್ಲೈಓವರ್ ಕಂಬದ ಸುತ್ತ ತಿರುಗಿದೆ. ಪ್ರಕಾಶನ ಮೆಸೇಜ್ ಬಂತು: 'ಅಕ್ಕಾ, ನೆನಪಿರಲಿ.' ಮೇಘಾ ಕೈಹಾಕಿ ಪ್ಲಗ್ ಕಿತ್ತಳು. ಕಾರು ಎರಡು ಸಲ ಗೊಗ್ಗರಿಸಿ ಸ್ಟಾರ್ಟ್ ಆಯಿತು. ಸ್ವಲ್ಪ ಹೊತ್ತಿಗೆ ಹೊಗೆ ತೆಳುವಾಯಿತು, ಉಸಿರು ಸಮವಾಯಿತು. ಭರೂಚ್ ದಾಟಿ, ಆಪರೇಷನ್ನಿಗೆ ಮೊದಲೇ ಸೂರತ್ ಸೇರಿದೆವು.

ಆಸ್ಪತ್ರೆಯ ಬಾಗಿಲಲ್ಲೇ ಪ್ರಕಾಶ ನನ್ನನ್ನು ನೋಡಿ 'ಬೇಡ' ಎಂಬಂತೆ ತಲೆಯಾಡಿಸಿದ. ಒಳಗೆ ಸುಮಾ ಹಸಿರು ನಿಲುವಂಗಿಯಲ್ಲಿ ಕೂತಿದ್ದಳು.

"ಅಕ್ಕಾ, ನೀ ಖರೇ ಹೇಳ್ತೀ ಅಂತನ ಕಾಯ್ಲಿಕ್ಕತ್ತೀನಿ. ಏನದು?"

ಹೇಳಿಬಿಟ್ಟೆ. ನನ್ನ ಹಿಂದೆಯೇ ಬಂದಿದ್ದ ಪ್ರಕಾಶ ತಿರುಗಿ ಹೊರಗೆ ಹೋದ.

ಸುಮಾ ಅಳಲಿಲ್ಲ. ನನ್ನ ಕೈಯನ್ನು ಮಾತ್ರ ನೋಯುವಷ್ಟು ಹಿಡಿದುಕೊಂಡಳು. "ಎಷ್ಟು ಹಬ್ಬೇದ?"

"ಹಬ್ಬಿಲ್ಲಂತ. ಗಂಟು, ಅದರ ಸುತ್ತಲಿಂದು ತಗೀತಾರ. ಆಮ್ಯಾಲೆ ಟ್ರೀಟ್‌ಮೆಂಟ್."

"ಇಷ್ಟೇನು?" ಉದ್ದಕ್ಕೆ ಉಸಿರು ಬಿಟ್ಟಳು. "ಎಲ್ಲಾರೂ ನನ್ನ ಮುಂದ ಹಂಗ ನಗ್ಲಿಕ್ಕತ್ತಿದ್ರಲ್ಲ, ನಾ ಇನ್ನ ಉಳಿಯಂಗಿಲ್ಲ ಅಂತನ ತಿಳ್ಕೊಂಡಿದ್ದೆ."

ಆಮೇಲೆ ಡಾಕ್ಟರನ್ನು ಕರೆಸಿದಳು. ತಾನು ನಡೆಸುವ ಅಂಗಡಿಯಲ್ಲಿ ಕಲಿತ ಗುಜರಾತಿಯಲ್ಲಿ ಒಂದೊಂದೇ ಪ್ರಶ್ನೆ ಕೇಳಿದಳು. ಅವರು ಕೂತು ಉತ್ತರಿಸಿದರು. ಎಲ್ಲ ಕೇಳಿಕೊಂಡು, ಬಳೆ ಬಿಚ್ಚಿ ನನ್ನ ಕೈಗಿಟ್ಟು ಒಳಗೆ ಹೋದಳು.

ಈಗ ಮನೆಯಲ್ಲಿದ್ದಾಳೆ. ಚಿಕಿತ್ಸೆ ಶುರುವಾಗಿದೆ, ಸುಸ್ತಿದೆ, ಮಾತು ಜೋರಿದೆ. ಪ್ರಕಾಶ ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ಅರ್ಥವಾಗದ್ದು ಒಂದೇ: ಅವಳು ಹೆದರುತ್ತಾಳೆ ಎಂದು ನಾವೆಲ್ಲ ಸೇರಿ ಬಚ್ಚಿಟ್ಟಿದ್ದು ಯಾರ ಹೆದರಿಕೆಯನ್ನು?