ಗಂಜಿತಿಳಿಗೆ ಒಲಿದ ರಿಲೇ

ಇದನ್ನು ಬರೆಯದೇ ಬಿಡೋಣ ಎಂದಿದ್ದೆ, ಗೆಳತಿಯರೇ. ಟ್ಯಾಂಕು ತುಂಬಿ ನೀರು ಎರಡು ತಂತಿಗಳಿಗೆ ತಾಗಿದೊಡನೆ ಪಂಪು ನಿಲ್ಲಿಸಬೇಕಿದ್ದ ನನ್ನ ರಿಲೇ, ಅಂದರೆ ಕರೆಂಟು ಸಿಕ್ಕರೆ ಟಕ್ಕೆಂದು ತಾನೇ ತಿರುಗುವ ಸ್ವಿಚ್ಚು, ಇಂದು ಬೆಳಿಗ್ಗೆ ಮಿಸುಕಲೇ ಇಲ್ಲ. ನೀರು ಉಕ್ಕಿ, ಕೆಳಗೆ ಒಣಗಲು ಹಾಕಿದ್ದ ಅತ್ತಿಗೆಯ ಹಲಸಿನ ಹಪ್ಪಳವೆಲ್ಲ ನೆನೆಯಿತು.

“ನಿನ್ನೆ ಅಡುಗೆಮನೆಯಲ್ಲಿ ಟಕ್ ಅಂದಿತ್ತಲ್ಲ?”

“ನಿನ್ನೆ ನೋಡಿದ್ದು ಉಪ್ಪು ಹಾಕಿದ ಗಂಜಿತಿಳಿಯಲ್ಲಿ, ಅತ್ತಿಗೆ. ಬಾವಿ ನೀರಲ್ಲಿ ಕರೆಂಟು ಹರಿಯುದು ತೀರಾ ಕಡಿಮೆ.”

“ಹಾಗಾದ್ರೆ ಟ್ಯಾಂಕಿಗೆ ದಿನಾ ಗಂಜಿ ಹೊಯ್ಯುದಾ ಮಾರಾಯ್ತಿ?”

ಕೆಟ್ಟ ರೇಡಿಯೋದಿಂದ ಟ್ರಾನ್ಸಿಸ್ಟರ್ ಒಂದನ್ನು ಕಿತ್ತು ತಂತಿಗಳಿಗೂ ರಿಲೇಗೂ ನಡುವೆ ಸೇರಿಸಿದೆ. ನೀರಿನ ಅಲ್ಪ ಕರೆಂಟು ಸಿಕ್ಕರೂ ಸಾಕು, ಅದು ಬ್ಯಾಟರಿಯ ಬಲವನ್ನು ರಿಲೇಗೆ ಬಿಡುತ್ತದೆ. ಸಂಜೆ ಟ್ಯಾಂಕು ತುಂಬಿತು. ಟಕ್! ಪಂಪು ನಿಂತಿತು.

ಅತ್ತಿಗೆ ನಾಳೆಯ ಹಪ್ಪಳಕ್ಕೆ ಚಾಪೆಯನ್ನು ಮತ್ತೆ ಟ್ಯಾಂಕಿನ ಕೆಳಗೇ ಹಾಸಿಟ್ಟಿದ್ದಾರೆ. ಹಪ್ಪಳ ನೆನೆಯದೆ ಒಣಗಿದರೆ, ಸೋಮವಾರ ಪುತ್ತೂರಿಗೆ ಹೋಗಿ ಈ ಪತ್ರವನ್ನು ಅಂಚೆಗೆ ಹಾಕುವೆ.