ಮೆರಿಂಡೂ ಕಣಿವೆಯ ಜಿಂಕೆಗಳೂ ನೆಸ್ಟಾ ಪೆಂಗೆಲಿ ಅವರ ಸೌಜನ್ಯವೂ

ಜಿಂಕೆಯ ಕಣ್ಣನ್ನು ಚೆಲುವೆಯರ ಕಣ್ಣಿಗೆ ಹೋಲಿಸಿದ ಪದ್ಯಗಳನ್ನು ಕೇಳುತ್ತ ಬೆಳೆದವರಿಗೆ ನೆಸ್ಟಾ ಪೆಂಗೆಲಿ ಅವರ ವೃತ್ತಿಯನ್ನು ಬಿಡಿಸಿ ಹೇಳುವುದು ಕಷ್ಟ. ಆಸ್ಟ್ರೇಲಿಯದ ದಕ್ಷಿಣದಂಚಿನ ಮೆರಿಂಡೂ ಕಣಿವೆಯಲ್ಲಿ ಅವರು ಇಪ್ಪತ್ತು ವರ್ಷ, ಸಾಕಣೆಯಿಂದ ಹೊರಬಿದ್ದು ಕಾಡುಪಾಲಾದ ಜಿಂಕೆಗಳನ್ನು ಹತೋಟಿಗೆ ತರುವ ರೈತ ಸಮಿತಿಯ ಸಂಚಾಲಕಿಯಾಗಿದ್ದರು. ಸರ್ಕಾರದ ಸಂಬಳ ಪಡೆದು, ಊರಿನವರ ಕೈಯಿಂದಲೇ ಊರಿನ ಕೆಲಸ ಮಾಡಿಸುವ ಈ ಕ್ಷೇತ್ರದಲ್ಲಿ ಅವರಷ್ಟು ಕಾಲ ನಿಂತವರೂ ಅವರಷ್ಟು ಗೌರವ ಪಡೆದವರೂ ಸುತ್ತಮುತ್ತ ಇನ್ನೊಬ್ಬರಿಲ್ಲ. ಕೈಗೆತ್ತಿಕೊಂಡ ಕೆಲಸ ಮುಗಿಯಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಹಾಗೆ ಹೇಳಬೇಕೆಂದು ಬಯಸಿದವರು ಅವರೇ.

ಕಣಿವೆಯಲ್ಲೇ ತುಂಡು ಹೊಲವಿಟ್ಟುಕೊಂಡು ಪಶುವೈದ್ಯರ ಸಹಾಯಕಿಯಾಗಿದ್ದು, ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ನೆಸ್ಟಾ ಈ ಹುದ್ದೆಗೆ ಬಂದಾಗ ಹೊಳೆದಂಡೆಯಲ್ಲಿ ನೆಟ್ಟ ಎಳೆಯ ಗಿಡಗಳಿಗೆ ತೊಗಟೆಯೇ ಉಳಿದಿರಲಿಲ್ಲ. ಹಸುಗಳಿಗೆಂದು ಗೊಬ್ಬರ ಹಾಕಿ ಬೆಳೆಸಿದ ಹುಲ್ಲು ಬೆಳಗಾಗುವುದರೊಳಗೆ ಜಿಂಕೆಗಳ ಹೊಟ್ಟೆ ಸೇರುತ್ತಿತ್ತು. ಹೈನುಗಾರ ಹೆಂಕ್ ಫರ್‌ಹೂವನ್ ತಮ್ಮ ಹಸುಗಳು ಕೊನೆಯ ಪಂಕ್ತಿಗೆ ಬಂದ ನೆಂಟರ ಹಾಗೆ ಹೊಲದಲ್ಲಿ ಪಿಳಿಪಿಳಿ ನೋಡುತ್ತ ನಿಂತಿರುತ್ತವೆ ಎಂದು ನಗುತ್ತಿದ್ದರು. ಆ ವರ್ಷ ಅವರು ಅರ್ಧ ಹಿಂಡನ್ನು ಮಾರಿದ್ದರು.

ಮೊದಲ ಸಭೆ ಸೇರಿದ್ದು ಊರಿನ ಅಗ್ನಿಶಾಮಕ ಶೆಡ್ಡಿನಲ್ಲಿ. ಎಲ್ಲರಿಗೂ ಗೊತ್ತಿದ್ದ ಒಂದು ಸಂಗತಿಯನ್ನು ಅಲ್ಲಿ ಯಾರೂ ಎತ್ತಲಿಲ್ಲ. ಜಿಂಕೆ ಮಾಂಸದ ಬೆಲೆ ನೆಲ ಕಚ್ಚಿದ ಕಾಲದಲ್ಲಿ, ಮೇಲಿನ ಗುಡ್ಡದ ಆಲ್ವಿನ್ ಹಾಸ್ಕಿಂಗ್ ತಮ್ಮ ಸಾಕಣೆಯ ಜಿಂಕೆಗಳಿಗೆ ಮೇವು ಹಾಕಲಾರದೆ, ಗುಂಡಿಕ್ಕಲೂ ಮನಸ್ಸು ಬಾರದೆ, ಒಂದು ಸಂಜೆ ಗೇಟು ತೆಗೆದುಬಿಟ್ಟಿದ್ದರು. ಆ ಆಲ್ವಿನ್ ಹಿಂದಿನ ಬೆಂಚಿನಲ್ಲಿ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು. ಅವರು ಗಂಟಲು ಸರಿಮಾಡಿಕೊಂಡದ್ದು ನೆಸ್ಟಾ ಕಿವಿಗೂ ಬಿತ್ತು. ಪಾಪ, ಮುಜುಗರ ಪಡುತ್ತಿದ್ದಾರೆ ಎನಿಸಿತು.

"ಎಲ್ಲಿಂದ ಬಂದ್ವು ಅನ್ನೋ ಮಾತು ಈ ಶೆಡ್ಡಲ್ಲಿ ಬೇಡ," ಎಂದರು ನೆಸ್ಟಾ. "ಎಲ್ಲಿಗೆ ಹೋಗ್ತಾವೆ ಅಂತ ಮಾತ್ರ ನೋಡೋಣ."

ಸಭೆಗೆ ಸಭೆಯೇ ಉಸಿರು ಬಿಟ್ಟಿತು. ಹೊಸ ಸಂಚಾಲಕಿಯ ಜಾಣತನಕ್ಕೆ ತಲೆದೂಗಿತು. ಆಲ್ವಿನ್ ಮಾತ್ರ ಚಹಾಕ್ಕೂ ನಿಲ್ಲದೆ ಹೊರಟುಹೋದರು. ಮತ್ತೆಂದೂ ಸಭೆಗೆ ಬರಲಿಲ್ಲ. ಯಾರನ್ನೂ ಚುಚ್ಚದಿರುವುದು ಈ ಕಣಿವೆಯವರ ನಡತೆ. ನೆರೆಯವರ ಬೇಲಿ ಬಿದ್ದಿದ್ದರೆ ಹೇಳದೆಯೇ ಎತ್ತಿಕಟ್ಟಿ ಹೋಗುತ್ತಾರೆ. ನೆರೆಯವರ ಎದೆಯಲ್ಲಿ ಏನೋ ಕುಸಿದಿದೆ ಎಂದು ತಿಳಿದರೆ ಮಳೆಯ ಮಾತು ತೆಗೆಯುತ್ತಾರೆ.

ಆ ನಂತರದ ಚಳಿಗಾಲಗಳಲ್ಲಿ ನೆಸ್ಟಾ ಕಟ್ಟಿದ ಪದ್ಧತಿಯನ್ನು ಬೇರೆ ಕಣಿವೆಗಳವರು ನೋಡಿ ಕಲಿತರು. ಬೇಟೆಯ ಹಿಂದಿನ ದಿನ, ತಮ್ಮ ಹೊಲದಲ್ಲಿ ಜಿಂಕೆಗೆ ಗುಂಡು ಹಾರಿಸಲು ಒಪ್ಪಿಗೆಯುಳ್ಳವರು ದನಕುರಿಗಳನ್ನು ಮನೆ ಹತ್ತಿರಕ್ಕೆ ಹೊಡೆದುಕೊಂಡು, ಗೇಟಿಗೆ ಖಾಲಿ ಬಿಳಿ ಚೀಲ ಕಟ್ಟಬೇಕು. ಚೀಲವಿಲ್ಲದ ಗೇಟನ್ನು, ಅದರ ಆಚೆಯೇ ಹಿಂಡು ಮೇಯುತ್ತಿದ್ದರೂ, ಬಂದೂಕು ಹಿಡಿದವರು ದಾಟಕೂಡದು. ಹೊರಡುವ ಮುನ್ನ ಎಲ್ಲರೂ ಟೋಪಿ ತೆಗೆದು ಒಂದು ಗಳಿಗೆ ಸುಮ್ಮನೆ ನಿಲ್ಲಬೇಕು. ಇದು ಆಟವಲ್ಲ ಎಂಬುದು ನೆನಪಿರಲೆಂದು ಮಾತ್ರ ಅವರು ಕಾರಣ ಕೊಡುತ್ತಿದ್ದರು. ತಾಯಿ ಬಿದ್ದ ಮೇಲೆ ಪೊದೆಗಳಲ್ಲಿ ಉಳಿದ ಹಿಂದಿನ ಬೇಸಿಗೆಯ ಮರಿಗಳನ್ನು ಹುಡುಕಿ ಮುಗಿಸುವ ಕೆಲಸವನ್ನು ಬೇರೆಯವರಿಗೆ ಬಿಡದೆ ತಾವೇ ಮಾಡಿ, ಕೈ ತೊಳೆದು, ಮರುದಿನ ಆರ್ಗನ್ನಿನ ಮುಂದೆ ಕೂರುತ್ತಿದ್ದರು. ಹೆಂಕ್ ಸೊಂಟದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮಲಗಿದ್ದ ಚಳಿಗಾಲವಿಡೀ ಅವರ ಹಸುಗಳನ್ನು ಕರೆದವರೂ ನೆಸ್ಟಾ ಅವರೇ.

ಆದರೆ ಮೊದಲ ಗುಂಡಿನ ಸದ್ದಿಗೆ ಹಿಂಡೆಲ್ಲ ಹೊಳೆ ದಾಟಿ ಆಲ್ವಿನ್ ಅವರ ಗುಡ್ಡದ ಪೊದೆಗಾಡಿಗೆ ನುಗ್ಗುತ್ತಿತ್ತು. ಕೆಳಗೆ ಎಷ್ಟು ಕೊಂದರೂ ಮೇಲೆ ಉಳಿದದ್ದು ಹೆಚ್ಚಿ, ವಸಂತದ ಎಳೆಹುಲ್ಲಿಗೆ ಮತ್ತೆ ಇಳಿದು ಬರುತ್ತಿತ್ತು. "ಯಾರ ಮನೆಗೆ ಹೋದ್ರೆ ಯಾರೂ ಕೇಳಲ್ಲ ಅಂತ ಅವಕ್ಕೂ ಗೊತ್ತು," ಎನ್ನುತ್ತಿದ್ದರು ಹೆಂಕ್. ಆ ಒಂದು ಗೇಟು ತೆರೆಯದಿದ್ದರೆ, ಮಿಕ್ಕ ಗೇಟುಗಳೆಲ್ಲ ತೆರೆದೂ ಪ್ರಯೋಜನವಿಲ್ಲ ಎಂಬುದು ನೆಸ್ಟಾ ಅವರಿಗೆ ಎಲ್ಲರಿಗಿಂತ ಚೆನ್ನಾಗಿ ತಿಳಿದಿತ್ತು. ಪ್ರತಿ ವರ್ಷ ಗುಡ್ಡ ಹತ್ತಿ ಹೋಗುತ್ತಿದ್ದರು. ಇಬ್ಬರೂ ನಾಯಿಯ ವಯಸ್ಸು, ತಗಡಿನ ಸೂರು, ಹುಲ್ಲಿನ ಬೆಲೆ ಎಲ್ಲ ಮಾತಾಡುತ್ತಿದ್ದರು. ಈ ಸಲ ಚೀಲ ಕಟ್ಟುತ್ತೀಯಾ ಎಂದರೆ ಆಲ್ವಿನ್ ನೋಡೋಣ ಎನ್ನುತ್ತಿದ್ದರು. ಹಳೆಯ ಸಂಜೆಯ ಮಾತನ್ನು ನೆಸ್ಟಾ ಎತ್ತಲಿಲ್ಲ. ಅದು ತಮ್ಮ ದಯೆ ಎಂದೇ ತಿಳಿದಿದ್ದರು.

ಕಳೆದ ವರ್ಷ ಸರ್ಕಾರವು ನೆಸ್ಟಾ ಅವರ ನಿವೃತ್ತಿಯೊಂದಿಗೆ ಈ ಹುದ್ದೆಯನ್ನೂ ಮುಚ್ಚುವುದಾಗಿ ತಿಳಿಸಿತು. ಅವರು ಕೊನೆಯ ಸಲ ಗುಡ್ಡ ಹತ್ತಿದರು. ಆಲ್ವಿನ್ ಶೆಡ್ಡಿನಲ್ಲಿ ಹಳೆಯ ಸಾಮಾನು ಬೇರ್ಪಡಿಸುತ್ತಿದ್ದರು. ನೆಸ್ಟಾ ನಾಯಿಯ ಸುದ್ದಿ ಕೇಳಲಿಲ್ಲ.

"ಆಲ್ವಿನ್, ಅವತ್ತು ಗೇಟ್ ತೆಗ್ದಿದ್ದು ನೀನೇ ಅಲ್ವಾ?"

"ನಾನೇ. ಇದನ್ನ ಕೇಳೋಕೆ ಇಷ್ಟು ವರ್ಷ ಬೇಕಾಯ್ತಾ ನಿಂಗೆ?"

"ನಿಂಗೆ ನೋವಾಗ್ಬಾರ್ದು ಅಂತ ಸುಮ್ನಿದ್ದೆ."

"ಚೆನ್ನಾಗಿ ಸುಮ್ನಿದ್ದೆ, ಮಾರಾಯ್ತಿ. ಆ ಶೆಡ್ಡಿಗೆ ನಾನು ಬಂದಿದ್ದೇ ಅದನ್ನ ಹೇಳೋಕೆ. ಬಾಯಿ ತೆಗೆಯೋಕೆ ಮುಂಚೆ ನೀನು ಮುಚ್ಚಿಸ್ಬಿಟ್ಟೆ. ನನ್ನ ಕಡೆ ನೋಡದೇ ಇರೋಕೆ ಒಬ್ಬೊಬ್ರೂ ಎಷ್ಟು ಕಷ್ಟಪಡ್ತಿದ್ರು ಗೊತ್ತಾ? ನಾಲ್ಕು ಮಾತು ಬೈದಿದ್ರೆ ಬೈಸ್ಕೊಂಡು, ಮಾರನೇ ದಿನ ನಿಮ್ಜೊತೆ ಬಂದೂಕು ಹಿಡೀತಿದ್ದೆ."

ಈಗಲಾದರೂ ಬರುತ್ತೀಯಾ ಎಂದು ನೆಸ್ಟಾ ಕೇಳಿದರು.

"ಈಗ ಗುಡ್ಡ ನಂದಲ್ಲ. ಹೋದ ವಾರ ಮಾರಿದೆ. ಪಟ್ಟಣದ ಬೇಟೆ ಕಂಪನಿಯೋರು, ದುಡ್ಡು ಕೊಟ್ಟೋರಿಗೆ ಬೇಟೆ ಆಡಿಸೋರು. ದೊಡ್ಡ ಕೊಂಬಿನವು ಇನ್ನೂ ಹೆಚ್ಚಬೇಕಂತೆ ಅವ್ರಿಗೆ."

ಸಂಚಾಲಕಿಯಾಗಿ ತಮ್ಮ ಕೊನೆಯ ಸಭೆಯಲ್ಲಿ ನೆಸ್ಟಾ ಇದನ್ನೆಲ್ಲ ತಾವಾಗಿಯೇ ಹೇಳಿ, ಸಮಿತಿ ತಮ್ಮ ಗೌರವಕ್ಕೆ ಹೊರತರುತ್ತಿರುವ ಈ ಅಭಿನಂದನ ಸಂಪುಟದಲ್ಲಿ ನಯಗೊಳಿಸದೆ ಬರೆಯಬೇಕೆಂದು ಕೇಳಿಕೊಂಡರು. ನಾವ್ಯಾರೂ ಕೇಳಲಿಲ್ಲವಲ್ಲ ಎಂದರು ಹೆಂಕ್. ಅದು ಸಮಾಧಾನದ ಮಾತೇ. ಆದರೆ ಕೂತವರಲ್ಲಿ ಯಾರಿಗೂ ಸಮಾಧಾನವಾಗಲಿಲ್ಲ.

ಬೀಳ್ಕೊಡುಗೆಯ ಚಹಾ ಮುಗಿದ ಮರುದಿನವೇ ಅವರು ಗುಡ್ಡದ ಹೊಸ ಯಜಮಾನರ ವ್ಯವಸ್ಥಾಪಕನನ್ನು ಕಾಣಲು ಹೋದರು. ಎಂಥ ಹಿಂಡನ್ನು ಬೆಳೆಸಲು ಹೊರಟಿದ್ದೀರಿ, ಅದರಿಂದ ಕೆಳಗಿನವರಿಗೆ ಏನಾಗುತ್ತದೆ ಎಂದು ಬಾಗಿಲಲ್ಲಿ ನಿಂತೇ ಕೇಳಿದರು. ಆತ ಅವರನ್ನು ಮೇಲಿಂದ ಕೆಳಕ್ಕೆ ನೋಡಿ, ಯಾವ ಇಲಾಖೆಯಿಂದ ಬಂದಿದ್ದೀರಿ ಎಂದ.

"ಯಾವ ಇಲಾಖೆನೂ ಇಲ್ಲ," ಎಂದರು ನೆಸ್ಟಾ. "ಪಕ್ಕದ ಹೊಲದೋಳು."

ಹಾಗಾದರೆ ಆಮೇಲೆ ಯಾವಾಗಲಾದರೂ ಬನ್ನಿ ಎಂದು ಆತ ಒಳಗೆ ಹೋದ.

ದೇವರು ನೆಸ್ಟಾ ಪೆಂಗೆಲಿ ಅವರ ಆಯುಸ್ಸನ್ನು ಹೆಚ್ಚಿಸಲಿ, ಗುಡ್ಡ ಹತ್ತುವ ಕಾಲಿನ ಬಲವನ್ನೂ ಕೇಳುವ ನಾಲಿಗೆಯ ಬಲವನ್ನೂ ಕಾಪಾಡಲಿ. ಬೇಸಿಗೆ ಹುಟ್ಟುವ ಹೊತ್ತಿಗೆ ಮೇಲಿನ ಹಿಂಡು ಮರಿ ಹಾಕುತ್ತದೆ. ಅದಕ್ಕೆ ಮುನ್ನ ಅವರು ಮತ್ತೆ ಆ ಬಾಗಿಲಿಗೆ ಹೋಗುವವರಿದ್ದಾರೆ. ಅವರ ಜೊತೆ ಹೋಗುವವರು ಯಾರು ಎಂಬುದನ್ನು, ಈ ಸಂಪುಟವನ್ನು ಅವರ ಕೈಗಿಡುತ್ತಿರುವ ಸಮಿತಿ ಇನ್ನೂ ತೀರ್ಮಾನಿಸಿಲ್ಲ.