ನನ್ನನ್ನು ದಾಟಿಹೋದ ಕುಂಕುಮ

ಮಕ್ಕಳೇ, ಬುಜಾಂಗ್ ಕಣಿವೆಗೆ ಹೋಗಿಬಂದ ದಿನ ಅಜ್ಜಿ ಯಾಕೆ ಊಟ ಮಾಡದೆ ಮಲಗಿದಳೆಂದು ಕೇಳಿದ್ದಿರಿ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಊರ ಶಾಲೆಯಲ್ಲಿ ಕಲಿತಷ್ಟರಲ್ಲಿ ಬರೆದಿಡುತ್ತೇನೆ. ಕನ್ನಡ ಓದಲು ಬಂದಾಗ ಓದಿ.

ಪೆನಾಂಗಿನ ಬಯಾನ್ ಲೆಪಾಸ್‌ನ ನಮ್ಮ ಕಾಂಡೊ ಫ್ಲ್ಯಾಟುಗಳ ಕನ್ನಡದ ಹೆಂಗಸರು ಸೇರಿ ವ್ಯಾನ್ ಮಾಡಿದ್ದರು. ಬೆಳಿಗ್ಗೆ ಕಡಲಾಚೆ ಆ ಕಣಿವೆಯ ಹಳೆಯ ಗುಡಿ, ಸಂಜೆ ಪೆನಾಂಗಿಗೆ ಮರಳಿ ಈ ದ್ವೀಪದ ಮೊದಲ ಕ್ರೈಸ್ತರ ಸಮಾಧಿಗಳು. ಹಿಂದಿನ ದಿನ ನಿಮ್ಮಮ್ಮ ತಮಿಳರ ಅಂಗಡಿಯಿಂದ ಬಿಡಿ ಮಲ್ಲಿಗೆ ತಂದಳು. ನಾನು ಮಾಲೆ ಕಟ್ಟಿದೆ. ಹಳೆಯ ದೇವರಿಗೆ ಹೂವು ಒಯ್ಯುವ ಹಿಗ್ಗಿತ್ತು ನನಗೆ.

ಗುಡಿಗೆ ಗೋಡೆಯಿಲ್ಲ, ಚಾವಣಿಯಿಲ್ಲ. ಕಾಡುಹೊಳೆಯ ಪಕ್ಕ ಒಂದು ಕಲ್ಲಿನ ಜಗಲಿ, ಅಷ್ಟೇ. ಅದರ ಮೇಲೆ ದೇವರೂ ಇಲ್ಲ. ಸಾವಿರ ವರ್ಷದ್ದು ಎಂದು ನಿಮ್ಮಮ್ಮ ಬೋರ್ಡು ಓದಿ ಹೇಳಿದಳು. ದೀಪ ಹಚ್ಚಬೇಡಿ, ಹೂವು ಬೇಕಾದರೆ ಇಡಿ ಎಂದ ಕಾವಲುಗಾರ.

ಉಡುಪಿ ಕಡೆಯ ಡಾಕ್ಟರಮ್ಮ ಎಲ್ಲರಿಗೂ ಮುಂದಾಳು. ನನ್ನ ಹತ್ತಿರ ಬಂದು ಬಹಳ ಮೆತ್ತಗೆ ಹೇಳಿದರು: "ಅಮ್ಮ, ನೀವು ಅಲ್ಲಿ ನೆರಳಲ್ಲಿ ಕೂತ್ಕೊಳ್ಳಿ. ಕಾಲು ನೋಯ್ತದಲ್ಲ ನಿಮ್ಗೆ."

ನನಗೆ ಕಾಲುನೋವಿಲ್ಲ. ಆದರೂ ಹೋಗಿ ಕೂತೆ.

ಡಾಕ್ಟರಮ್ಮ ಕಲ್ಲಿಗೆ ಕುಂಕುಮವಿಟ್ಟು, ನನ್ನ ಮಾಲೆಯನ್ನು ತುಂಡು ಮಾಡಿ ಪ್ರತಿಯೊಬ್ಬಳ ಮುಡಿಗೂ ಕೊಟ್ಟು, ಹಣೆಗೆ ಕುಂಕುಮ ಹಚ್ಚುತ್ತ ಬಂದರು. ದೊಡ್ಡವಳೇ, ನಿನಗೂ ಹಚ್ಚಿದರು. ನನ್ನೆದುರು ಬಂದಾಗ ಕುಂಕುಮದ ಭರಣಿಯ ಮುಚ್ಚಳ ಹಾಕಿ, ಒಂದು ಬಾಳೆಹಣ್ಣು ಕೊಟ್ಟು ಮುಂದೆ ಹೋದರು. ನಿಮ್ಮಮ್ಮ ಕಂಡಳು. ಕಂಡು, ಫೋನ್ ನೋಡತೊಡಗಿದಳು.

ನಿಮ್ಮ ತಾತ ಹೋದ ಮೇಲೆ ಊರಿನವರೂ ನನ್ನನ್ನು ಹೀಗೆಯೇ ಬದಿಗೆ ಸರಿಸಿದ್ದರು. ಊರೇ ಹಾಗೆ ಎಂದು ನುಂಗಿಕೊಂಡಿದ್ದೆ. ಈ ಸಲ ನುಂಗಲಾಗಲಿಲ್ಲ.

ಸಂಜೆ ಸಮಾಧಿಗಳ ಹತ್ತಿರ ವ್ಯಾನ್ ನಿಂತಾಗ ಉಳಿದವರು ಇಳಿಯಲಿಲ್ಲ. ಸ್ಮಶಾನ, ಮತ್ತೆ ಸ್ನಾನ ಮಾಡಬೇಕು ಎಂದರು. ನಾನು ಇಳಿದೆ. ನೀವಿಬ್ಬರೂ ನಿಮ್ಮಮ್ಮನೂ ಹಿಂದೆ ಬಂದಿರಿ. ದೇವಕಣಗಿಲೆ ಮರಗಳ ಕೆಳಗೆ ವಾಲಿದ ಕಲ್ಲುಗಳು, ಎಲ್ಲದರ ಮೇಲೂ ತಾನಾಗಿ ಉದುರಿದ ಹೂವು. ಅಲ್ಲಿ, ದೊಡ್ಡವಳೇ, ನೀನು ಕೇಳಿದೆ, "ಅಮ್ಮ, ಆಂಟಿ ಅಜ್ಜಿನ ಯಾಕೆ ಸ್ಕಿಪ್ ಮಾಡಿದ್ರು?"

"ಅದು ಪದ್ಧತಿ ಪುಟ್ಟಾ, ಬಿಡು," ಎಂದಳು ನಿಮ್ಮಮ್ಮ.

"ಯಾವ ಪದ್ಧತಿ?" ಎಂದೆ. ನನ್ನ ದನಿ ನನಗೇ ಹೊಸದು. "ಆ ಕಲ್ಲಿಗೆ ಪೂಜೆ ನಿಂತು ಎಷ್ಟು ಕಾಲ ಆಯ್ತೋ. ಇವತ್ತು ಬೆಳಿಗ್ಗೆ ನೀವೇ ಶುರು ಮಾಡಿದ್ದು. ಶುರು ಮಾಡುವಾಗ್ಲೇ ನನ್ನ ಬಿಟ್ಟು ಮಾಡಿದ್ರಿ."

"ಮೆಲ್ಲಗೆ ಅಮ್ಮ. ಅವ್ರಿಗೆ ಕೇಳ್ಸತ್ತೆ."

"ಕೇಳ್ಲಿ."

ನೀನು ಹಣೆ ಒರೆಸಿಕೊಳ್ಳಲು ಹೋದೆ. ನಾನು ನಿನ್ನ ಕೈ ಹಿಡಿದೆ. ಕುಂಕುಮದ ಮೇಲೆ ನನಗೇನು ಸಿಟ್ಟು?

ವ್ಯಾನ್ ಹತ್ತಿದಾಗ ಡಾಕ್ಟರಮ್ಮ, ಮಾಲೆ ಬಹಳ ಚಂದ ಇತ್ತು, ನವರಾತ್ರಿಗೂ ನೀವೇ ಕಟ್ಟಿಕೊಡಬೇಕು ಎಂದರು.

"ಆಗಲ್ಲ," ಎಂದೆ. "ಕೈ ನೋವು."

ನನಗೆ ಕೈನೋವೂ ಇಲ್ಲ. ಅದು ಅವರಿಗೆ ಅರ್ಥವಾಯಿತು.

ಸಿಟ್ಟು ಇನ್ನೂ ಇಳಿದಿಲ್ಲ. ಭರಣಿ ಒಂದು ದಿನ ನಿನ್ನ ಕೈಗೆ ಬರುತ್ತದೆ, ದೊಡ್ಡವಳೇ. ಆಗ ನಿಮ್ಮಮ್ಮನ ಹಣೆ ಹೇಗೇ ಇರಲಿ, ಮುಚ್ಚಳ ಹಾಕಬೇಡ.